ಬಕ್ರೀದ್ ಆಡಿನ ಚರ್ಮದ ಗುಮಟೆ

ಕಾಸ್ಮಿರ್ ಸೆರಾವೊಗೆ ಕೋಪ ಮೂಗಿನ ತುದಿಯಲ್ಲೇ ಎನ್ನುವುದು ಕತಾರಿನ ದುಖಾನ್‌ನ ಸ್ಟಾಫ್ ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅಲ್ಲಿನ ಎಣ್ಣೆ ಕಂಪೆನಿಯ ಗೋದಾಮಿನಲ್ಲಿ ಅವನು ಇಪ್ಪತ್ತೇಳು ವರ್ಷಗಳಿಂದ ಸ್ಟೋರ್‌ಕೀಪರ್. ಚೀಟಿ ಇಲ್ಲದೆ ಬಂದರೆ ಮ್ಯಾನೇಜರನಿಗೂ ಒಂದು ಬೋಲ್ಟು ಕೊಟ್ಟವನಲ್ಲ. ಯಾರಾದರೂ "ಯಲ್ಲಾ ಯಲ್ಲಾ, ಅರ್ಜೆಂಟ್" ಎಂದು ಕೌಂಟರ್ ಬಡಿದರೆ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡು, "ಚೀಟಿ ಮಾಫಿ, ಬೋಲ್ಟು ಮಾಫಿ" ಎನ್ನುತ್ತಿದ್ದ. ಮಾಫಿ ಎಂದರೆ ಅಲ್ಲಿನ ಅರಬ್ಬಿಯಲ್ಲಿ ಇಲ್ಲ ಎಂದು. ಇಂಥವನಿಗೆ ಸಂಗೀತದ ಹುಚ್ಚು ಎಲ್ಲಿಂದ ಹಿಡಿಯಿತು ಎಂದು ಕೇಳಿದರೆ ಅವನ ಹೆಂಡತಿ ಟ್ರೀಸಾ, "ಆ ಬಡಿಯುವ ಬುದ್ಧಿ ಎಲ್ಲಿಗಾದ್ರೂ ಹೋಗ್ಬೇಕಲ್ಲ, ಗುಮಟೆಗೆ ಹೋಯ್ತು. ನಾನು ಬಚಾವ್" ಎನ್ನುತ್ತಾಳೆ.

ಗುಮಟೆ ಎಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ, ಚಿಕ್ಕ ಬಾಯಿಗೆ ಎಡ ಅಂಗೈ. ಬಲಗೈ ಚರ್ಮದ ಮೇಲೆ ಬಡಿಯುತ್ತಿದ್ದರೆ ಎಡಗೈ ಹಿಂದಿನ ಬಾಯನ್ನು ಮುಚ್ಚಿ ತೆರೆದು ದನಿಯನ್ನು ಏರಿಸಿ ಇಳಿಸುತ್ತದೆ. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಎರೆಯುವ ರೋಸ್ ಶಾಸ್ತ್ರವಿದೆ. ಆವತ್ತು ಗುಮಟೆ ಇಲ್ಲದಿದ್ದರೆ ಎಷ್ಟು ಬಗೆ ಮಾಂಸ ಬೇಯಿಸಿದರೂ ಮನೆ ಸಪ್ಪೆ. ಕಾಸ್ಮಿರನ ಗುಮಟೆ ಅವನ ಅಜ್ಜನದು. ಉಡುಪಿ ಕಡೆಯ ಮೂಡುಪಲ್ಲ ಎಂಬ ಊರಿನಿಂದ ಅದನ್ನು ಟವೆಲಿನಲ್ಲಿ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ದೋಹಾದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅದನ್ನು ಮೇಲೆ ಕೆಳಗೆ ಮಾಡಿ ಇದೇನು ಎಂದು ಕೇಳಿದಾಗ ಕಾಸ್ಮಿರ್ ಬಾಯಿಂದ ಉತ್ತರ ಕೊಡಲಿಲ್ಲ. ಅಲ್ಲೇ ನಿಂತು ಬಾರಿಸಿದ. ಅಧಿಕಾರಿ ನಕ್ಕು ಹೋಗು ಎಂದು ಕೈ ಬೀಸಿದ.

ಹಾಗೆ ಬಂದ ಗುಮಟೆಯ ಚರ್ಮವನ್ನು ಅವನೇ ಕೈಯಾರೆ ಹಾಳು ಮಾಡಿದ. ಅಲ್ಲಿನ ಸಮುದ್ರದ ತೇವ, ಮನೆಯೊಳಗಿನ ಏಸಿ, ಎರಡೂ ಸೇರಿ ಚರ್ಮ ಸಡಿಲಾಗಿತ್ತು. ಊರಲ್ಲಾದರೆ ಬಿಸಿಲಿಗೆ ಇಟ್ಟರೆ ಬಿಗಿಯಾಗುತ್ತದೆ. ಈ ಪುಣ್ಯಾತ್ಮ ಜುಲೈ ತಿಂಗಳ ಮಧ್ಯಾಹ್ನ ಅದನ್ನು ಕಾರಿನೊಳಗೆ ಬಿಟ್ಟು, ಗಾಜು ಏರಿಸಿ, ಡ್ಯೂಟಿಗೆ ಹೋದ. ಸಂಜೆ ಬಂದು ನೋಡಿದರೆ ಚರ್ಮ ಹಪ್ಪಳದಂತೆ ಒಡೆದಿತ್ತು. ಆವತ್ತು ಅವನು ಅತ್ತ ಎಂದು ಟ್ರೀಸಾ ಹೇಳುತ್ತಾಳೆ. ಬೆವರು ಎಂದು ಅವನು ಹೇಳುತ್ತಾನೆ.

ಹಳೆಯದು ಉಡದ ಚರ್ಮ. ಈಗ ಉಡ ಮುಟ್ಟಿದರೆ ಜೈಲು. ದೋಹಾದಲ್ಲಿ ಬೇರೆ ಚರ್ಮ ಕಟ್ಟುವವರು ಯಾರಿದ್ದಾರೆ ಎಂದು ವಿಚಾರಿಸುತ್ತಾ ಹೋದಾಗ ಯಾರೋ ನಜ್ಮಾ ಎಂಬ ಬಡಾವಣೆಯ ಒಬ್ಬ ಟೈಲರ್ ಹೆಸರು ಹೇಳಿದರು. ಸಯೀದ್ ಅಂತ, ಉಳ್ಳಾಲದ ಕಡೆಯ ಬ್ಯಾರಿ ಮುಸಲ್ಮಾನ, ಮೂವತ್ತು ವರ್ಷದಿಂದ ಅದೇ ಗಲ್ಲಿಯಲ್ಲಿ ಅಂಗಡಿ. ಅವನ ತಂದೆ ಊರಲ್ಲಿ ದಫ್ ಮಾಡುತ್ತಿದ್ದವರು. ದಫ್ ಎಂದರೆ ಜರಡಿಯಂಥ ಮರದ ಬಳೆಗೆ ಒಂದೇ ಕಡೆ ಚರ್ಮ ಬಿಗಿದ ವಾದ್ಯ. ಬ್ಯಾರಿಗಳ ಮದುವೆಯಲ್ಲಿ ಗಂಡಸರು ಅದನ್ನು ಬಾರಿಸಿ ಹಾಡುತ್ತಾರೆ.

ಸಯೀದ್ ಒಡೆದ ಗುಮಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒಳಗೆ ಹೊರಗೆ ನೋಡಿ, "ಕಾರಿನಲ್ಲಿ ಇಟ್ರಿಯಾ?" ಎಂದ.

"ನಿಮಗೆ ಹೇಗೆ ಗೊತ್ತಾಯ್ತು?"

"ನಾನೂ ಒಂದು ದಫ್ ಹಾಗೇ ಸುಟ್ಟಿದ್ದೇನೆ ಪೊರ್ಬುಗಳೆ. ಬಾನೆಟಿನ ಮೇಲೆ ಐದು ನಿಮಿಷ ಇಡ್ಬೇಕು, ಒಳಗೆ ಅಲ್ಲ. ಬಕ್ರೀದ್ ಬರ್ಲಿ, ನೋಡುವ."

ಪೊರ್ಬುಗಳು ಎಂದರೆ ತುಳುನಾಡಿನಲ್ಲಿ ಕ್ರೈಸ್ತರನ್ನು ಕರೆಯುವ ಮಾತು. ಊರು ಬಿಟ್ಟ ಮೇಲೆ ಕಾಸ್ಮಿರನನ್ನು ಯಾರೂ ಹಾಗೆ ಕರೆದಿರಲಿಲ್ಲ. ಬಕ್ರೀದ್ ಬಂತು. ಸಯೀದ್ ತನ್ನ ಮನೆಯ ಕುರ್ಬಾನಿ ಆಡಿನ ಚರ್ಮವನ್ನು ಕಸಾಯಿಖಾನೆಯವರ ಕೈಕಾಲು ಹಿಡಿದು ಬಿಡಿಸಿಕೊಂಡು ಬಂದ. ಉಪ್ಪು ಹಚ್ಚಿ, ಕೂದಲು ಹೆರೆದು, ತಾರಸಿಯ ನೆರಳಿನಲ್ಲಿ ಒಣಗಿಸಿ, ಹದ ನೋಡಿ ನೋಡಿ ಗುಮಟೆಗೆ ಕಟ್ಟಿದ. ಹಣ ಕೊಡಹೋದರೆ, "ಕುರ್ಬಾನಿಯ ಚರ್ಮ ಮಾರ್ಲಿಕ್ಕಿಲ್ಲ. ಬಾರಿಸಿ ತೋರಿಸಿ, ಸಾಕು" ಎಂದ. ಕಾಸ್ಮಿರ್ ಬಾರಿಸಿದ. ಅಜ್ಜನ ಕಾಲದ ದನಿಗಿಂತ ಒಂದು ಕೂದಲೆಳೆ ದಪ್ಪ ದನಿ ಬಂತು. ಅವನಿಗೆ ಅದೇ ಹೆಚ್ಚು ಹಿಡಿಸಿತು, ಆದರೆ ಅಜ್ಜನಿಗೆ ಬೇಜಾರಾದೀತು ಎಂದು ಬಾಯಿಬಿಟ್ಟು ಹೇಳಲಿಲ್ಲ.

ಅಲ್ಲಿಂದ ಶುರುವಾದದ್ದು ಎಂಟು ವರ್ಷ ನಡೆಯಿತು. ಕತಾರಿನಲ್ಲಿ ಒಂದು ಅನುಕೂಲವಿದೆ. ಶುಕ್ರವಾರ ಮುಸ್ಲಿಮರಿಗೆ ಜುಮಾ, ರಜೆ ಅದೇ ದಿನವಾದ್ದರಿಂದ ಕ್ರೈಸ್ತರಿಗೂ ದೊಡ್ಡ ಪೂಜೆ ಅವತ್ತೇ. ಊರಲ್ಲಿ ಇಬ್ಬರಿಗೂ ಎರಡು ಬೇರೆ ಬೇರೆ ದಿನ, ಇಲ್ಲಿ ದೇವರಿಬ್ಬರೂ ಒಂದೇ ದಿನ ಹಂಚಿಕೊಂಡಿದ್ದಾರೆ. ಕಾಸ್ಮಿರ್ ದುಖಾನ್‌ನಿಂದ ಒಂದು ಗಂಟೆ ಕಾರು ಓಡಿಸಿ ದೋಹಾದ ಇಗರ್ಜಿಗೆ ಬರುತ್ತಿದ್ದ. ಪೂಜೆ ಮುಗಿದ ಮೇಲೆ ನಜ್ಮಾಕ್ಕೆ. ಸಯೀದ್ ನಮಾಜು ಮುಗಿಸಿ ಬಂದು ಅಂಗಡಿಯ ಷಟರನ್ನು ಅರ್ಧ ಎತ್ತಿ ಕಾಯುತ್ತಿದ್ದ. ಟ್ರೀಸಾ ಕಟ್ಟಿಕೊಟ್ಟ ಸಣ್ಣ ಎಂಬ ಮೆತ್ತನೆ ಇಡ್ಲಿಗಳು, ಸಯೀದನ ಹೆಂಡತಿ ಝೊಹರಾ ಕಳಿಸಿದ ಕೋಳಿ ಸಾರು, ಹೊಲಿಗೆ ಯಂತ್ರಗಳ ನಡುವೆ ಊಟ. ಆಮೇಲೆ ಎರಡೂ ವಾದ್ಯಗಳನ್ನು ಕಾರಿನ ಬಾನೆಟಿನ ಮೇಲೆ ಸರಿಯಾಗಿ ಐದು ನಿಮಿಷ ಇಟ್ಟು, ಒಳಗೆ ತಂದು, ಬಾರಿಸುತ್ತಿದ್ದರು.

ಸಯೀದನ ಹತ್ತಿರ ಬ್ಯಾರಿ ಭಾಷೆಯ ಒಂದು ಹಳೆಯ ಹಾಡಿತ್ತು. ಮದುಮಗ ದೋಣಿಯಲ್ಲಿ ದಿಬ್ಬಣ ಹೊರಟಿದ್ದಾನೆ, ನಡುಹೊಳೆಯಲ್ಲಿ ದೋಣಿ ಮರಳಿಗೆ ಸಿಕ್ಕಿಕೊಂಡಿದೆ, ಆಚೆ ದಡದಲ್ಲಿ ಬಿರಿಯಾನಿ ಆರುತ್ತಿದೆ. ಕಾಸ್ಮಿರನ ಹತ್ತಿರ ಕೊಂಕಣಿಯ ಒಂದು ಹಾಡಿತ್ತು. ಮದುಮಗಳು ತಾನು ಸಾಕಿದ ಹೇಂಟೆಯನ್ನು ಬಿಟ್ಟು ಗಂಡನ ಮನೆಗೆ ಬರುವುದಿಲ್ಲವೆಂದು ಹಟ ಹಿಡಿದಿದ್ದಾಳೆ. ಎರಡಕ್ಕೂ ಆರು ಪೆಟ್ಟಿನ ಒಂದೇ ತಾಳ. ಒಂದು ಶುಕ್ರವಾರ ಸಯೀದ್ ತನ್ನ ಒಂದು ನುಡಿ ಹಾಡಿ ನಿಲ್ಲಿಸಿದ ಕೂಡಲೇ ಕಾಸ್ಮಿರ್ ತನ್ನ ಒಂದು ನುಡಿ ಎತ್ತಿಕೊಂಡ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಳೆಯಲ್ಲಿ ಸಿಕ್ಕಿಬಿದ್ದ ಮದುಮಗ ಬ್ಯಾರಿಯಲ್ಲಿ ಕೂಗುತ್ತಾನೆ, ದಡದ ಮೇಲೆ ಕೋಳಿ ಅಪ್ಪಿಕೊಂಡ ಮದುಮಗಳು ಕೊಂಕಣಿಯಲ್ಲಿ ಉತ್ತರ ಕೊಡುತ್ತಾಳೆ. ಎರಡು ಅರ್ಧ ಹಾಡುಗಳು ಕೂಡಿ ಒಂದು ಪೂರ್ತಿ ಜಗಳವಾಯಿತು. ಮದುವೆಗಳಲ್ಲಿ, ಹುಟ್ಟುಹಬ್ಬಗಳಲ್ಲಿ ಇದನ್ನು ಕೇಳಿದವರು ಮತ್ತೊಮ್ಮೆ ಮತ್ತೊಮ್ಮೆ ಎಂದು ಕೇಳಿ ಬಾರಿಸುವಂತೆ ಮಾಡುತ್ತಿದ್ದರು.

ಕಾಸ್ಮಿರನಿಗೆ ಒಂದೇ ಆಸೆ ಉಳಿದಿತ್ತು. ಬರುವ ಮಾರ್ಚಿಗೆ ಅವನಿಗೆ ಅರವತ್ತು, ಕೆಲಸ ಖಲಾಸ್, ಊರಿಗೆ. ಅದಕ್ಕೆ ಮೊದಲು ದೋಹಾ ಕನ್ನಡಿಗರ ಸಂಘವಾದ ಕಡಲತೀರ ಬಳಗದ ರಾಜ್ಯೋತ್ಸವದಲ್ಲಿ, ಎಂಟುನೂರು ಜನ ಕೂರುವ ಆ ದೊಡ್ಡ ವೇದಿಕೆಯ ಮೇಲೆ, ಸಯೀದನ ಪಕ್ಕದಲ್ಲಿ ಕುಳಿತು ಒಮ್ಮೆ ಬಾರಿಸಬೇಕು. ಬಳಗದವರು ಒಪ್ಪಿದ್ದರು. ಪಟ್ಟಿಯಲ್ಲಿ ಹೆಸರೂ ಬಂದಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಮೂಡುಪಲ್ಲದ ಬಸ್ ನಿಲ್ದಾಣದಲ್ಲಿ ಯಾರೋ ಒಂದು ಹಬ್ಬದ ಬ್ಯಾನರ್ ಹರಿದರು. ಯಾರು ಹರಿದರು ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಗಾಳಿಯೇ ಹರಿದಿದ್ದರೂ ಆಶ್ಚರ್ಯವಿಲ್ಲ. ಸಂಜೆಯೊಳಗೆ ಕಲ್ಲು ತೂರಾಟವಾಯಿತು, ಮೂರು ಅಂಗಡಿಗಳ ಗಾಜು ಒಡೆಯಿತು, ಒಬ್ಬನ ತಲೆಗೆ ಹೊಲಿಗೆ ಬಿತ್ತು, ಪೇಟೆ ಒಂದು ವಾರ ಮುಚ್ಚಿತು. ಮೂಡುಪಲ್ಲದಲ್ಲಿ ಬಿದ್ದ ಕಲ್ಲು ದೋಹಾದ ಮೊಬೈಲುಗಳಲ್ಲಿ ಒಂದು ತಿಂಗಳು ಉರುಳಿತು. ಅಲ್ಲಿಯವರೆಗೆ ಒಂದೇ ಆಗಿದ್ದ ಬಳಗದ ವಾಟ್ಸಾಪ್ ಗುಂಪಿನಿಂದ ಒಬ್ಬೊಬ್ಬರೇ ಜಾರಿ, ಅವರವರ ಜಾತಿಗೆ ಅವರವರ ಗುಂಪು ಮಾಡಿಕೊಂಡರು. ಅಲ್ ಮನ್ಸೂರಾದ ಹೋಟೆಲಿನಲ್ಲಿ ಒಂದೇ ಮೇಜಿಗೆ ಕೂತು ಬನ್ಸ್ ತಿನ್ನುತ್ತಿದ್ದವರು ಬೇರೆ ಬೇರೆ ಮೂಲೆ ಹಿಡಿದರು. ಊರಲ್ಲಿದ್ದವರು ಹತ್ತು ದಿನಕ್ಕೆ ಹಾಲು, ಮೀನು ಎಂದು ಮಾತಾಡಲು ಶುರುಮಾಡಿದರು. ಸಾವಿರಾರು ಮೈಲಿ ದೂರದಲ್ಲಿದ್ದ ಇವರ ಸಿಟ್ಟು ಮಾತ್ರ ಆರಲಿಲ್ಲ.

ಅದೇ ಹೋಟೆಲಿನ ಮಹಡಿಯ ಮೇಲೆ ಅಕ್ಟೋಬರ್ ಕೊನೆಯಲ್ಲಿ ಬಳಗದ ಸಮಿತಿಯ ಸಭೆ. ಅಧ್ಯಕ್ಷ ಚನ್ನಕೇಶವ ಎಂಜಿನಿಯರ್, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಪೈಕಿ. ನೀರು ಕುಡಿದು, ಗಂಟಲು ಸರಿಮಾಡಿಕೊಂಡು ಶುರುಮಾಡಿದ.

"ಕಾಸ್ಮಿರ್, ನಿಮ್ಮ ಐಟಂ ತೆಗೀಲಿಲ್ಲ ನಾವು. ಎರಡು ಮಾಡಿದ್ದೇವೆ ಅಷ್ಟೆ. ಗುಮಟೆ ಬೇರೆ, ದಫ್ ಬೇರೆ. ಆರಾರು ನಿಮಿಷ. ನಡುವಿನಲ್ಲಿ ಮಕ್ಕಳ ಡ್ಯಾನ್ಸ್ ಹಾಕಿದ್ದೇವೆ."

"ಯಾಕೆ?"

"ಪರಿಸ್ಥಿತಿ ಗೊತ್ತುಂಟಲ್ಲ ನಿಮಗೆ. ವಿಡಿಯೊ ಊರಿಗೆ ಹೋಗ್ತದೆ. ಈಚೆಯವರು ಒಂದು ಹೇಳ್ತಾರೆ, ಆಚೆಯವರು ಒಂದು ಹೇಳ್ತಾರೆ. ನಾವು ದುಡೀಲಿಕ್ಕೆ ಬಂದವರು."

"ಹಾಡಿನಲ್ಲಿ ಇರೋದು ಒಂದು ದೋಣಿ, ಒಂದು ಕೋಳಿ. ಯಾರ ಧರ್ಮಕ್ಕೆ ತೊಂದರೆ ಆಯ್ತು ಚನ್ನಕೇಶವರೆ? ಕೋಳಿ ಧರ್ಮಕ್ಕಾ?"

ಯಾರೋ ಕಿಸಕ್ಕೆಂದರು. ಆಗ ಕಾರ್ಯದರ್ಶಿ ವ್ಯಾಲೆಂಟೈನ್ ಬಾಯಿ ಹಾಕಿದ. ಇವನೂ ಮೂಡುಪಲ್ಲದವನೇ, ಕಾಸ್ಮಿರನ ದೂರದ ನೆಂಟ. "ಅದು ಪ್ರಶ್ನೆ ಅಲ್ಲ. ಗುಮಟೆ ನಮ್ಮ ಹಿರಿಯರದ್ದು. ಅದು ಶುದ್ಧವಾಗಿ ಬರ್ಲಿ, ಬೇರೆಯದರ ಜೊತೆ ಕಲಸು ಮೇಲೋಗರ ಬೇಡ ಅಂತ ನಮ್ಮವರೆಲ್ಲ ಹೇಳ್ತಿದ್ದಾರೆ." ಮೇಜಿನ ಆಚೆ ತುದಿಯಲ್ಲಿ ಕೂತಿದ್ದ ಬ್ಯಾರಿ ಸದಸ್ಯರೊಬ್ಬರು ತಲೆಯಾಡಿಸಿ, ದಫ್ ಕೂಡ ಹಾಗೇ, ಮದ್ಯ ಹಂಚುವ ಮನೆಯ ವಾದ್ಯದ ಜೊತೆ ಅದು ಬೇಡ ಎಂದು ತಮ್ಮ ಕಡೆಯವರ ಅಭಿಪ್ರಾಯ ಸೇರಿಸಿದರು. ಆ ಒಂದು ತಿಂಗಳಲ್ಲಿ ಇವರಿಬ್ಬರು ಒಂದೇ ಮಾತು ಹೇಳಿದ್ದು ಅದೇ ಮೊದಲು.

ಕಾಸ್ಮಿರ್ ಕನ್ನಡಕ ತೆಗೆದು ಒರೆಸಿದ. ಅವನನ್ನು ಬಲ್ಲವರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

"ವ್ಯಾಲಿ, ನಿನ್ನ ಮಗಳು ಟೀನಾಳ ರೋಸಿಗೆ ಬಾರಿಸಿದ್ದು ಯಾರು?"

"ನೀವೇ."

"ಯಾವ ಗುಮಟೆ?"

"ನಿಮ್ಮ ಅಜ್ಜನದ್ದು."

"ಮಡಕೆ ಅಜ್ಜನದ್ದು. ಚರ್ಮ ಸಯೀದ್ ಬ್ಯಾರಿಗಳ ಬಕ್ರೀದ್ ಆಡಿನದ್ದು. ಎಂಟು ವರ್ಷದಿಂದ ಈ ಊರಿನ ನಮ್ಮ ಎಲ್ಲ ಮಕ್ಕಳೂ ಅದೇ ಆಡಿನ ಬೆನ್ನಿನ ದನಿಗೆ ತೆಂಗಿನ ಹಾಲು ಎರೆಸಿಕೊಂಡದ್ದು. ನೀನು ಅವತ್ತು ಲುಂಗಿ ಎತ್ತಿಕಟ್ಟಿ ಕುಣಿದೆ. ಶುದ್ಧ ಆಗ್ಬೇಕಿದ್ರೆ ಮಗಳನ್ನು ಇನ್ನೊಮ್ಮೆ ಮೀಯಿಸು!"

ಸಭೆ ಗೊಳ್ಳೆಂದು ನಕ್ಕಿತು. ವ್ಯಾಲೆಂಟೈನನ ಕಿವಿ ಕೆಂಪಾಯಿತು. ಜನರ ನಡುವೆ ನಗೆಪಾಟಲಾದವನು ಆಮೇಲೆ ಬಗ್ಗುವುದಿಲ್ಲ. ಆ ಸಣ್ಣ ವಿಷಯ ಕಾಸ್ಮಿರನಿಗೆ ಹೊಳೆಯಲಿಲ್ಲ. ವ್ಯಾಲೆಂಟೈನ್ ಎದ್ದು ನಿಂತು, ಎರಡು ಐಟಂ ಆದರೆ ಉಂಟು, ಇಲ್ಲದಿದ್ದರೆ ಒಂದೂ ಇಲ್ಲ ಎಂದ. ಚನ್ನಕೇಶವ ಅದನ್ನೇ ಬರೆದುಕೊಂಡ. ಕಾಸ್ಮಿರ್ ಮೆಟ್ಟಿಲಿಳಿದು ಹೊರಬಂದ. ಗೆದ್ದು ಬಂದೆನೋ ಸೋತು ಬಂದೆನೋ ಎಂದು ಕಾರು ಸ್ಟಾರ್ಟ್ ಮಾಡುವವರೆಗೂ ಅವನಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸೋತಿದ್ದ.

ಮರುದಿನ ಶುಕ್ರವಾರ. ನಜ್ಮಾದ ಅಂಗಡಿಯಲ್ಲಿ ಸಯೀದನ ಮಗ ಸರ್ಫರಾಝ್ ಇದ್ದ. ಇಪ್ಪತ್ತೆಂಟರ ಹುಡುಗ, ಸಮಾರಂಭಗಳಿಗೆ ಮೈಕು, ಲೈಟು ಒದಗಿಸುವ ಕೆಲಸ. ಬಳಗದ ಕಾರ್ಯಕ್ರಮಕ್ಕೂ ಅವನೇ.

"ಅಂಕಲ್, ಬಾಪನನ್ನು ಬಿಟ್ಟುಬಿಡಿ," ಎಂದ ಅವನು, ಕಾಸ್ಮಿರ್ ಕೂರುವುದಕ್ಕೂ ಮೊದಲೇ. "ನಿಮಗೆ ಜಿದ್ದು. ನಮಗೆ ಹಾಗಲ್ಲ. ಊರಲ್ಲಿ ಅಜ್ಜಿ ಇರುವ ಮನೆ ರಸ್ತೆ ಬದಿ. ವಿಡಿಯೊ ನೋಡಿ ನಾಲ್ಕು ಜನ ಗೇಟಿನ ಹತ್ತಿರ ಬಂದ್ರೆ ನೀವು ದುಖಾನ್‌ನಿಂದ ಬಂದು ಬಿಡಿಸ್ತೀರಾ?"

ಕಾಸ್ಮಿರನಿಗೆ ಕೋಪ ಬರಲಿಲ್ಲ, ಹುಡುಗ ಹೇಳಿದ್ದು ಸುಳ್ಳಾಗಿದ್ದರೆ ಬರುತ್ತಿತ್ತು. "ಆಯ್ತು, ಹೆಸರು ವಾಪಸ್ ತೆಗೊಳ್ತೇನೆ" ಎಂದು ಗುಮಟೆಯನ್ನು ಟವೆಲಿನಲ್ಲಿ ಸುತ್ತತೊಡಗಿದ. ಎಂಟು ವರ್ಷದಲ್ಲಿ ಬಾರಿಸದೆ ಸುತ್ತಿದ್ದು ಅದೇ ಮೊದಲು.

ಒಳಗಿನಿಂದ ಸಯೀದ್ ಬಂದ. ಅಳತೆಯ ಟೇಪು ಕೊರಳಲ್ಲೇ ಇತ್ತು. ಅವನು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಗಿರಾಕಿ ಬಂದು ಪ್ಯಾಂಟು ಗಿಡ್ಡವಾಯಿತೆಂದು ಬೈದರೂ, ನಿಮ್ಮ ಕಾಲು ಉದ್ದವಾಗಿರಬೇಕು ಸಾರ್ ಎನ್ನುವವನು.

"ಯಾರ ಹೆಸರು ವಾಪಸ್ ತೆಗೊಳ್ಳೋದು?" ಎಂದ. "ನನ್ನನ್ನು ಕೇಳಿದ್ರಾ? ಸಭೆಯಲ್ಲಿ ಚರ್ಮದ ವಿಷಯ ಹೇಳುವಾಗಲೂ ಕೇಳಲಿಲ್ಲ. ಎಂಟು ವರ್ಷ ನಾನು ಬಾಯಿ ಮುಚ್ಚಿ ಇಟ್ಟದ್ದು ಅದು. ನನ್ನ ಮನೆಯ ಕುರ್ಬಾನಿ ಅದು ಪೊರ್ಬುಗಳೆ, ಜಗಳಕ್ಕೆ ಎಸೆಯುವ ಕಲ್ಲಲ್ಲ."

ಕಾಸ್ಮಿರ್ ತಲೆ ತಗ್ಗಿಸಿದ. ಇಪ್ಪತ್ತೇಳು ವರ್ಷದ ಗೋದಾಮಿನಲ್ಲಿ ಯಾರಿಗೂ ತಗ್ಗಿಸದ ತಲೆ. "ತಪ್ಪಾಯ್ತು ಬ್ಯಾರಿಗಳೆ" ಎಂದ.

"ಆಯ್ತು, ಅದು ಮುಗೀತು." ಸಯೀದ್ ಮಗನ ಕಡೆ ತಿರುಗಿದ. "ನೀನು ಹೇಳಿದ್ದೂ ಸರಿ. ಹೆದರಿಕೆ ನನಗೂ ಉಂಟು. ಆದ್ರೆ ನಿನ್ನ ಅಜ್ಜಿಯ ಹೆಸರು ಹೇಳಿ ಹೆದರ್ಬೇಡ, ಆಕೆ ನಿನಗಿಂತ ಗಟ್ಟಿ. ನಿನ್ನೆ ಫೋನಿನಲ್ಲಿ ಕೇಳಿದೆ. ಕಲ್ಲು ಹೊಡೆದವರು ಯಾರೂ ತಲೆ ಮರೆಸಿಕೊಂಡಿಲ್ಲ, ಹಾಡುವವರು ಯಾಕೆ ಅಡಗಿ ಕೂರ್ಬೇಕು ಅಂದಳು." ಆಮೇಲೆ ಕಾಸ್ಮಿರನ ಕೈಯಿಂದ ಗುಮಟೆ ತೆಗೆದುಕೊಂಡು ಟವೆಲ್ ಬಿಚ್ಚಿದ. "ಅವರಿಗೆ ಎರಡು ಬೇಕಾ? ಎರಡೇ ಕೊಡುವ. ಗುಮಟೆ ನಾನು ಬಾರಿಸ್ತೇನೆ. ದಫ್ ನೀವು ಬಾರಿಸಿ."

ಇಷ್ಟು ದೊಡ್ಡ ತಂಟೆ ಇಷ್ಟು ಮೆತ್ತನೆ ಮನುಷ್ಯನ ತಲೆಯಲ್ಲಿ ಹುಟ್ಟಿದ್ದನ್ನು ನೆನೆದು ಕಾಸ್ಮಿರನಿಗೆ ಇವತ್ತಿಗೂ ಹೊಟ್ಟೆಕಿಚ್ಚು.

ಮೂರು ವಾರ ಸಿಕ್ಕಿತು. ಕೇಳಿದ ಹಾಡು, ನೋಡಿದ ಕೈ, ಇದರಲ್ಲಿ ಕಷ್ಟವೇನು ಎಂದುಕೊಂಡಿದ್ದ ಕಾಸ್ಮಿರ್ ಮೊದಲ ದಿನವೇ ಬೆಪ್ಪಾದ. ದಫ್ ಹಿಡಿದ ಎಡಗೈಗೆ ಏನೂ ಕೆಲಸವಿಲ್ಲವೆಂದು ಅವನು ತಿಳಿದಿದ್ದ. ಅರ್ಧ ಗಂಟೆಯಲ್ಲಿ ಮಣಿಗಂಟು ಊದಿತು. ಅಭ್ಯಾಸಬಲದಿಂದ ಎಡಗೈ ವಾದ್ಯದ ಹಿಂದೆ ಇಲ್ಲದ ಬಾಯನ್ನು ಮುಚ್ಚಲು ಹೋಗುತ್ತಿತ್ತು. ಬ್ಯಾರಿ ನುಡಿಗಳನ್ನು ಕೊಂಕಣಿ ಮೂಗಿನಲ್ಲಿ ಹಾಡುತ್ತಿದ್ದ. ಝೊಹರಾ ಪರದೆಯ ಆಚೆಯಿಂದ ಉಚ್ಚಾರ ತಿದ್ದಿ ತಿದ್ದಿ ಸುಸ್ತಾದಳು. ಅತ್ತ ಸಯೀದ್ ಗುಮಟೆಯನ್ನು ದಫ್ ಹಾಗೆ ಎತ್ತಿ ಎದೆಯ ಮುಂದೆ ಹಿಡಿಯುತ್ತಿದ್ದ. "ಬ್ಯಾರಿಗಳೆ, ಅದು ಮಣ್ಣು, ಬಿದ್ರೆ ನನ್ನ ಅಜ್ಜ ಸಮಾಧಿಯಿಂದ ಎದ್ದು ಬರ್ತಾನೆ" ಎಂದು ಕಾಸ್ಮಿರ್ ಕಿರುಚುತ್ತಿದ್ದ. ಎಂಟು ವರ್ಷ ಪಕ್ಕದಲ್ಲಿ ಕೂತು ಬಾರಿಸಿದವನ ಕೈ ಎಷ್ಟು ನೋಯುತ್ತಿತ್ತು, ಅವನ ನಾಲಿಗೆ ಎಲ್ಲೆಲ್ಲಿ ಮಡಿಚುತ್ತಿತ್ತು ಎನ್ನುವುದು ಕಾಸ್ಮಿರನಿಗೆ ಈಗ ಗೊತ್ತಾಯಿತು. ಇಷ್ಟು ವರ್ಷ ತಾನು ಅವನ ಹಾಡನ್ನು ಕೇಳಿಯೇ ಇರಲಿಲ್ಲ, ತನ್ನ ಸರದಿಗಾಗಿ ಕಾಯುತ್ತಿದ್ದೆ ಅಷ್ಟೇ ಎಂದು ಟ್ರೀಸಾಳ ಹತ್ತಿರ ಹೇಳಿಕೊಂಡ. ಅವಳು ಅವನ ಕೈಗೆ ಬಿಸಿನೀರಿನ ಬಟ್ಟೆ ಸುತ್ತಿದಳು.

ನವೆಂಬರಿನ ಆ ಸಂಜೆ ಸಭಾಂಗಣ ತುಂಬಿತ್ತು. ಜನ ಕೂತ ರೀತಿ ನೋಡಿದರೆ ಯಾರೋ ಅಕ್ಕಿಯಲ್ಲಿ ಕಲ್ಲು ಆರಿಸಿ ಬೇರೆ ಬೇರೆ ಇಟ್ಟ ಹಾಗಿತ್ತು. ನಾಡಗೀತೆ, ಸ್ವಾಗತ, ಗಣ್ಯರಿಗೆ ಶಾಲು ಎಲ್ಲ ಮುಗಿಯಿತು. "ಈಗ ಕೊಂಕಣಿ ಕ್ರೈಸ್ತರ ಪಾರಂಪರಿಕ ಗುಮಟೆ ವಾದನ" ಎಂದು ನಿರೂಪಕಿ ಹೇಳಿದಳು. ಪರದೆಯ ಬದಿಯಿಂದ ಬಿಳಿ ಟೊಪ್ಪಿ ಹಾಕಿದ ಸಯೀದ್, ಗುಮಟೆಯನ್ನು ಕಂಕುಳಲ್ಲಿ ಹಿಡಿದು ಬಂದು ಕೂತ.

ಸಯೀದ್ ಕೋಳಿ ಬಿಡದ ಮದುಮಗಳ ಹಾಡನ್ನು ಕೊಂಕಣಿಯಲ್ಲಿ ಹಾಡಿದ. ಒಂದು ಪೆಟ್ಟು ತಪ್ಪಲಿಲ್ಲ. ಬಟ್ಟೆ ಕತ್ತರಿಸುವವನ ಕೈ, ಗೆರೆ ಬಿಟ್ಟು ಆಚೀಚೆ ಹೋಗುವುದಿಲ್ಲ. ಕೊನೆಯಲ್ಲಿ ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಒಬ್ಬ ಮುದುಕಿ ಮಾತ್ರ ಎರಡೂ ಕೈ ಮೇಲೆತ್ತಿ ತಟ್ಟಿದಳು.

ವ್ಯಾಲೆಂಟೈನ್ ಪರದೆಯ ಹಿಂದಕ್ಕೆ ಓಡಿ ಬಂದು ಕಾಸ್ಮಿರನ ತೋಳು ಹಿಡಿದ. "ಇದು ನಾಟಕವಾ? ನಮ್ಮ ಮರ್ಯಾದೆ ತೆಗೀಲಿಕ್ಕಾ?"

"ನೀನು ಎರಡು ಐಟಂ ಅಂದೆ. ಎರಡು ಉಂಟು. ಒಂದು ಆಯ್ತು. ತೋಳು ಬಿಡು, ಮೊದಲೇ ನೋಯ್ತಾ ಉಂಟು."

ಮಕ್ಕಳ ಕುಣಿತ ಮುಗಿದ ಕೂಡಲೇ ಕಾಸ್ಮಿರ್ ದಫ್ ಹಿಡಿದು ವೇದಿಕೆಗೆ ನಡೆದ. ಎರಡು ಸಾಲು ಜನ ಎದ್ದು ಹೋದರು. ಅವನು ಮೊದಲ ನುಡಿ ಮುಗಿಸುವಷ್ಟರಲ್ಲಿ ಮೈಕ್ ಸತ್ತಿತು. ಕೆಳಗೆ ಯಂತ್ರಗಳ ಹಿಂದೆ ಕೂತಿದ್ದ ಸರ್ಫರಾಝನ ಬೆನ್ನ ಹಿಂದೆ ವ್ಯಾಲೆಂಟೈನ್ ನಿಂತಿದ್ದ. ಕಾಸ್ಮಿರ್ ದನಿ ಏರಿಸಿದ. ಎರಡನೆಯ ನುಡಿ. ಮೂರನೆಯ ನುಡಿಯಲ್ಲಿ, ದೋಣಿ ಮರಳಿಗೆ ಹತ್ತುವ ಕಡೆ, ಊದಿದ ಮಣಿಗಂಟು ಕೈಕೊಟ್ಟಿತು. ಒಂದು ಪೆಟ್ಟು ಹಿಂದೆ ಬಿತ್ತು. ಅದನ್ನು ಹಿಡಿಯಲು ಹೋಗಿ ಇನ್ನೊಂದು ಮುಂದೆ ಹೋಯಿತು. ಪದ ಮರೆತುಹೋಯಿತು. ಹಿಂದಿನ ಸಾಲಿನಿಂದ ಯಾರೋ ಶಿಳ್ಳೆ ಹಾಕಿ ನಕ್ಕರು. ನಗು ಮುಂದಕ್ಕೆ ಹರಡಿತು. ಕಾಸ್ಮಿರನಿಗೆ ಬೆವರು ಕಣ್ಣಿಗೆ ಇಳಿಯಿತು. ಅವನು ನಿಲ್ಲಿಸಲಿಲ್ಲ. ತಾಳವಿಲ್ಲದೆ, ಪದವಿಲ್ಲದೆ, ಬರೀ ಹಟದಿಂದ ಬಡಿಯುತ್ತಲೇ ಹೋದ.

ಆಗ ಪರದೆಯ ಹಿಂದಿನಿಂದ ಗುಮಟೆ ಕೇಳಿಸಿತು. ಆರು ಪೆಟ್ಟು, ಸ್ಪಷ್ಟವಾಗಿ, ನಿಧಾನವಾಗಿ. ಮತ್ತೆ ಆರು. ಸಯೀದ್ ಬಾರಿಸುತ್ತಲೇ ವೇದಿಕೆಗೆ ಬಂದ, ಬಾರಿಸುತ್ತಲೇ ಅವನ ಪಕ್ಕದಲ್ಲಿ ಕೂತ. "ನನ್ನ ಹೇಂಟೆಯನ್ನು ಬಿಟ್ಟು ಬರುವವಳಲ್ಲ" ಎಂದು ಕೊಂಕಣಿಯಲ್ಲಿ ಹಾಡಿ ಕಾಸ್ಮಿರನ ಮುಖ ನೋಡಿದ. ಕಾಸ್ಮಿರನ ಕೈಗೆ ತಾಳ ಸಿಕ್ಕಿತು, ನಾಲಿಗೆಗೆ ಬ್ಯಾರಿ ನುಡಿ ಸಿಕ್ಕಿತು, ನಡುಹೊಳೆಯ ಮದುಮಗ ಕೂಗಿದ. ಮದುಮಗಳು ಬೈದಳು. ಯಾವ ಐಟಂ ಬೇಡವೆಂದು ಸಮಿತಿ ಠರಾವು ಮಾಡಿತ್ತೋ ಅದು, ಯಾರೂ ಯೋಜಿಸದೆ, ವೇದಿಕೆಯ ಮೇಲೆ ನಡೆಯುತ್ತಿತ್ತು. ಎರಡು ನುಡಿ ಮೈಕಿಲ್ಲದೆ ಹೋಯಿತು. ಆಮೇಲೆ ಎರಡೂ ಮೈಕುಗಳಿ­ಗೆ ಒಮ್ಮೆಲೇ ಜೀವ ಬಂತು.

"ಬಂದ್ ಮಾಡು, ಬಂದ್ ಮಾಡು!" ಎಂದು ವ್ಯಾಲೆಂಟೈನ್ ಸರ್ಫರಾಝನ ಕಿವಿಯ ಹತ್ತಿರ ಕೂಗಿದ.

ಸರ್ಫರಾಝ್ ಅಪ್ಪನ ಮೇಲಿಂದ ಕಣ್ಣು ತೆಗೆಯದೆ, "ಆಗ್ತಾ ಇಲ್ಲ ಅಂಕಲ್, ಸ್ವಿಚ್ ಜಾಮ್" ಎಂದ. ಬೇಕಾದರೆ ನೀವೇ ನೋಡಿ ಎಂದು ಎರಡೂ ಕೈ ಎತ್ತಿ ತೋರಿಸಿದ.

ಎಲ್ಲರೂ ಎದ್ದು ನಿಂತು ಕುಣಿದರು ಎಂದು ಬರೆಯಬಹುದು, ಆದರೆ ಹಾಗಾಗಲಿಲ್ಲ. ಮೂರರಲ್ಲಿ ಒಂದು ಪಾಲು ಕುರ್ಚಿ ಖಾಲಿಯಾಗಿತ್ತು. ಉಳಿದವರಲ್ಲಿ ಹಲವರು ಅಕ್ಕಪಕ್ಕ ನೋಡಿ, ಪಕ್ಕದವನು ತಟ್ಟಿದ ಮೇಲೆ ತಟ್ಟಿದರು. ಆದರೆ ತಟ್ಟಿದರು. ಹೊರಗೆ ಪಾರ್ಕಿಂಗಿನಲ್ಲಿ ನಾಲ್ಕು ಜನ ಬಂದು ಕೈ ಹಿಡಿದು, ಮಾತಾಡದೆ ಹೋದರು. ವಿಡಿಯೊ ಹತ್ತು ನಿಮಿಷಕ್ಕೆ ಮೂಡುಪಲ್ಲ ತಲುಪಿತು. ಒಂದು ಗುಂಪಿನವರು ಕಾಸ್ಮಿರನನ್ನು ಮತಾಂತರ ಮಾಡಿದರೆಂದು ಬರೆದರು, ಇನ್ನೊಂದು ಗುಂಪಿನವರು ಸಯೀದನನ್ನು. ಇಬ್ಬರಿಗೂ ತಮ್ಮ ದೇವರು ಯಾರೆಂದು ಗೊತ್ತಿದ್ದುದರಿಂದ ಇಬ್ಬರೂ ನಿದ್ದೆ ಮಾಡಿದರು.

ಮುಂದಿನ ವಾರ ಚನ್ನಕೇಶವ ಫೋನ್ ಮಾಡಿದ. "ಒಂದು ಸಣ್ಣ ಕ್ಷಮಾಪಣೆ ಪತ್ರ ಕೊಡಿ ಕಾಸ್ಮಿರ್. ನಾಲ್ಕು ಸಾಲು. ತಪ್ಪಾಯ್ತು ಅಂತ ಬರೆದರೆ ಸಾಕು. ಇಲ್ಲದಿದ್ದರೆ ಸದಸ್ಯತ್ವ ರದ್ದು ಮಾಡ್ಬೇಕಾಗ್ತದೆ, ನನ್ನ ಕೈಯಲ್ಲಿ ಇಲ್ಲ."

"ಬರೀತೇನೆ" ಎಂದ ಕಾಸ್ಮಿರ್. ಅಷ್ಟು ಸುಲಭವಾಗಿ ಒಪ್ಪಿದ್ದು ಕೇಳಿ ಟ್ರೀಸಾ ಅಡುಗೆಮನೆಯಿಂದ ಹೊರಬಂದು ಅವನ ಹಣೆ ಮುಟ್ಟಿ ಜ್ವರ ನೋಡಿದಳು.

ಶುಕ್ರವಾರ ನಜ್ಮಾದ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಹಲಗೆಯ ಮೇಲೆ ಕಾಗದವಿಟ್ಟು ಅವನು ಬರೆದ. ಬರೆದು ಮುಗಿಸಿ ಸಯೀದನಿಗೆ ಗಟ್ಟಿಯಾಗಿ ಓದಿ ಹೇಳಿದ.

"ಮಾನ್ಯ ಅಧ್ಯಕ್ಷರಿಗೆ. ಬಳಗದ ಕಾರ್ಯಕ್ರಮದಲ್ಲಿ ನನ್ನಿಂದ ತಪ್ಪಾಗಿರುವುದು ನಿಜ. ಮೂರನೆಯ ನುಡಿಯಲ್ಲಿ ತಾಳ ಬಿಟ್ಟೆ. ಅದಕ್ಕೆ ಎಲ್ಲರ ಕ್ಷಮೆ ಕೇಳುತ್ತೇನೆ. ಬೇರೆ ಯಾವ ತಪ್ಪೂ ನಡೆದಿಲ್ಲ. ಆದ ತಪ್ಪನ್ನು ಸರಿಪಡಿಸುವ ಸಲುವಾಗಿ ಅದೇ ಹಾಡನ್ನು ನಾನೂ ಸಯೀದ್ ಅವರೂ ಒಟ್ಟಿಗೆ, ಮೊದಲಿನಿಂದ ಕೊನೆಯವರೆಗೆ, ಇನ್ನೊಮ್ಮೆ ಬಾರಿಸಲಿದ್ದೇವೆ. ದಿನ, ಈಸ್ಟರ್ ಕಳೆದ ಮೊದಲ ಶುಕ್ರವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ಮೂಡುಪಲ್ಲದ ಬಸ್ ನಿಲ್ದಾಣ, ಬ್ಯಾನರ್ ಹರಿದಿದ್ದ ಕಂಬದ ಕೆಳಗೆ. ಸಮಿತಿಯವರೆಲ್ಲ ಬರಬೇಕು."

ಸರ್ಫರಾಝ್ ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅಪ್ಪನನ್ನು ನೋಡಿದ. ಕಾಸ್ಮಿರನೂ ನೋಡಿದ. ಈ ಸಲವೂ ಅವನು ಕೇಳದೆ ಸಯೀದನ ಹೆಸರು ಬರೆದಿದ್ದ. ಇಲ್ಲ ಎಂದರೆ ಕಾಗದ ಹರಿದು ಹಾಕಲು ಸಿದ್ಧನಿದ್ದ.

ಸಯೀದ್ ಸೂಜಿಗೆ ನೂಲು ಪೋಣಿಸಿದ. ಆಮೇಲೆ, "ನಾಲ್ಕಕ್ಕೆ ಆಗ್ಲಿಕ್ಕಿಲ್ಲ ಪೊರ್ಬುಗಳೆ" ಎಂದ. "ನಾಲ್ಕಕ್ಕೆ ಅಸರ್ ನಮಾಜು ಉಂಟು. ನಾಲ್ಕೂವರೆ ಅಂತ ಬರೀರಿ."